ತಳ ತಿರುಗಿಸಿ ನೋಡಿ: ಮೈಸೂರಿಗೆ ಬಂದ ಇಂಗ್ಲಿಷ್ ಬೆಳ್ಳಿ ಲೋಟಗಳ ಕಥೆ

ಇವತ್ತು ಮಾತು ಶುರು ಮಾಡೋಕೆ ಒಂದೇ ಪದ ಸಾಕು: ಟಂಬ್ಲರ್.

ಮೈಸೂರಲ್ಲಿ ಬೆಳೆದವರಿಗೆ ಇದು ಇಂಗ್ಲಿಷ್ ಪದ ಅಂತ ಅನ್ನಿಸೋದೇ ಇಲ್ಲ. ಫಿಲ್ಟರ್ ಕಾಫಿ ಅಂದ್ರೆ ಟಂಬ್ಲರ್, ಡವರ, ಮೇಲೊಂದಿಷ್ಟು ನೊರೆ. ಆದ್ರೆ ಇಂಗ್ಲಿಷಿನಲ್ಲಿ ಈ ಪದದ ಮೂಲದಲ್ಲಿರೋದು ‘ಉರುಳು’ ಅನ್ನೋ ಅರ್ಥ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಬೆಳ್ಳಿಯ ಒಂದು ಪುಟ್ಟ ಬಟ್ಟಲು ಮಾಡ್ತಿದ್ರು. ಅದರ ತಳ ಚಪ್ಪಟೆ ಅಲ್ಲ, ಗುಂಡಗೆ, ದಪ್ಪ. ಭಾರವೆಲ್ಲ ಕೆಳಗೇ ಇರೋದ್ರಿಂದ ಬೆರಳಲ್ಲಿ ತಳ್ಳಿದ್ರೆ ವಾಲುತ್ತೆ, ಆಮೇಲೆ ತಾನೇ ನೆಟ್ಟಗಾಗುತ್ತೆ. ತಂಜಾವೂರಿನ ತಲೆಯಾಡಿಸೋ ಬೊಂಬೆ ಗೊತ್ತಲ್ಲ, ಹಾಗೆ. ಆ ಬಟ್ಟಲಿನ ಹೆಸರು ಟಂಬ್ಲರ್. ಈಗ ನಮ್ಮ ಹೋಟೆಲುಗಳಲ್ಲಿ ಚಪ್ಪಟೆ ತಳದ ಸ್ಟೀಲ್ ಲೋಟಕ್ಕೆ ಅದೇ ಹೆಸರು. ಹಾಗಂತ ಪದಗಳು ಆ ಕಡೆಯಿಂದ ಈ ಕಡೆಗೆ ಮಾತ್ರ ಬಂದಿದ್ದಲ್ಲ. ನಮ್ಮ ‘ಲೋಟ’ ಹಡಗು ಹತ್ತಿ ಇಂಗ್ಲಿಷ್ ನಿಘಂಟು ಸೇರಿದೆ. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ಅನ್ನೋ ಆಂಗ್ಲೋ-ಇಂಡಿಯನ್ ಪದಕೋಶದಲ್ಲೂ ಅದಿದೆ.

ಪದಗಳಂತೆ ಪಾತ್ರೆಗಳೂ ಓಡಾಡಿವೆ. ನಾನು ಇವತ್ತು ಹೇಳಬೇಕಂತಿರೋದು ಆ ಪಾತ್ರೆಗಳ ಬಗ್ಗೆ. ಇಂಗ್ಲೆಂಡಿನಲ್ಲಿ ತಯಾರಾಗಿ, ಯಾವ್ಯಾವುದೋ ಕೈ ದಾಟಿ, ಮೈಸೂರಿನ ಅಶೋಕ ರಸ್ತೆಯ ಬೆಳ್ಳಿ ಅಂಗಡಿಯ ತಕ್ಕಡಿಗೆ ಬಂದು ಬೀಳೋ ಮಗ್ಗು, ಬಟ್ಟಲು, ಕಪ್ಪುಗಳು. ನಾನು ಇವನ್ನ ಕೂಡಿಡ್ತೀನಿ. ಕೂಡಿಡ್ತೀನಿ ಅಂದ ತಕ್ಷಣ ಗಾಜಿನ ಬೀರು, ಬಂಗಲೆ ಅಂತೆಲ್ಲ ಕಲ್ಪಿಸ್ಕೋಬೇಡಿ. ನನ್ನ ಹತ್ರ ಇರೋದು ಮೂರೇ ಮೂರು. ನೋಡಿ, ಫೋಟೊ ತೆಗೆದು, ಬರೆದಿಟ್ಟುಕೊಂಡು ಅಲ್ಲೇ ಬಿಟ್ಟುಬಂದವು ಮಾತ್ರ ನೂರಕ್ಕೂ ಮೇಲಿವೆ.

ಇಂಗ್ಲಿಷ್ ಬೆಳ್ಳಿಯ ಮಜಾ ಇರೋದು ಹೊಟ್ಟೆಯಲ್ಲಲ್ಲ, ತಳದಲ್ಲಿ. ತಿರುಗಿಸಿ ನೋಡಿದ್ರೆ ಸಾಲಾಗಿ ನಾಲ್ಕೈದು ಪುಟ್ಟ ಗುರುತುಗಳಿರ್ತವೆ, ಅಕ್ಕಿಕಾಳಿನಷ್ಟು. ಕೆಲವು ಪಾತ್ರೆಗಳಲ್ಲಿ ಕಂಠದ ಹತ್ರ ಇರ್ತವೆ. ಇವೇ ಹಾಲ್‌ಮಾರ್ಕ್. ಈ ಹೆಸರು ಈಗ ನಮ್ಮ ಚಿನ್ನದಂಗಡಿ ಜಾಹೀರಾತುಗಳಿಂದ ಎಲ್ಲರಿಗೂ ಗೊತ್ತು. ಭಾರತದಲ್ಲಿ ಚಿನ್ನಕ್ಕೆ ಇದು ಬಂದಿದ್ದು 2000ದಲ್ಲಿ, ಬೆಳ್ಳಿಗೆ 2005ರಲ್ಲಿ. ಇಂಗ್ಲೆಂಡಿನಲ್ಲಿ ಚಿರತೆ ತಲೆಯ ಗುರುತು ಒತ್ತಬೇಕು ಅಂತ ರಾಜ ಕಾನೂನು ಮಾಡಿದ್ದು 1300ರಲ್ಲಿ! ನಮ್ಮಲ್ಲಿ ಆಗಿನ್ನೂ ಹಂಪಿಯೂ ಎದ್ದಿರಲಿಲ್ಲ, ದ್ವಾರಸಮುದ್ರದಲ್ಲಿ ಹೊಯ್ಸಳರಿದ್ದರು.

ಆ ಗುರುತುಗಳನ್ನ ಓದೋದು ಕಷ್ಟವೇನಲ್ಲ. ಒಂದು ಕಾಲೆತ್ತಿ ನಡೀತಿರೋ ಸಿಂಹ ಇದ್ರೆ ಅದು ಸ್ಟರ್ಲಿಂಗ್, ಅಂದ್ರೆ ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ. ಚಿರತೆ ತಲೆ ಇದ್ರೆ ಲಂಡನ್ನಿನಲ್ಲಿ ಪರೀಕ್ಷೆಯಾಗಿದೆ ಅಂತ. ಲಂಗರು ಇದ್ರೆ ಬರ್ಮಿಂಗ್‌ಹ್ಯಾಮ್. ಹಳೇ ಪಾತ್ರೆಗಳಲ್ಲಿ ಕಿರೀಟ ಇದ್ರೆ ಶೆಫೀಲ್ಡ್. ಜೊತೆಗೆ ಮಾಡಿದವರ ಇನಿಶಿಯಲ್ಲು. ರಾಜನದೋ ರಾಣಿಯದೋ ತಲೆ ಇದ್ರೆ ಸರ್ಕಾರಕ್ಕೆ ಸುಂಕ ಕಟ್ಟಿದ್ದಾರೆ ಅಂತ ಅರ್ಥ. ಈ ತಲೆ ಗುರುತು 1784ರಿಂದ 1890ರವರೆಗೆ ಮಾತ್ರ ಇತ್ತು. ಹಾಗಾಗಿ ತಲೆ ಕಂಡ್ರೆ ಅರ್ಧ ವಯಸ್ಸು ಸಿಕ್ಕ ಹಾಗೆ. ಉಳಿದ ಅರ್ಧಕ್ಕೆ ಒಂದು ಅಕ್ಷರ ಇರುತ್ತೆ, ವರ್ಷಕ್ಕೊಂದು.

ಈ ಅಕ್ಷರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇಲ್ಲೊಂದು ಮೈಸೂರಿನ ಕಥೆ ಇದೆ. ಲಂಡನ್ನಿನಲ್ಲಿ 20 ವರ್ಷಕ್ಕೊಂದು ಸುತ್ತು. ‘ಎ’ಯಿಂದ ಶುರುವಾಗಿ ‘ಯು’ವರೆಗೆ, ಮಧ್ಯೆ ‘ಜೆ’ ಬಿಟ್ಟು. ಸುತ್ತು ಮುಗಿದ ಮೇಲೆ ಅಕ್ಷರದ ಶೈಲಿ ಬದಲಾಯಿಸಿ ಮತ್ತೆ ‘ಎ’. 1796ರಲ್ಲಿ ಹೊಸ ಸುತ್ತು ಶುರುವಾಯ್ತು. ಅಂದ್ರೆ 1798ಕ್ಕೆ ‘ಸಿ’, 1799ಕ್ಕೆ ‘ಡಿ’. ಆದ್ರೆ ಅಕ್ಷರ ಬದಲಾಗ್ತಿದ್ದಿದ್ದು ಜನವರಿ 1ಕ್ಕಲ್ಲ, ಮೇ 29ಕ್ಕೆ. ಶ್ರೀರಂಗಪಟ್ಟಣದ ಕೋಟೆ ಬಿದ್ದಿದ್ದು 1799ರ ಮೇ 4. ಆ ದಿನ ಟಿಪ್ಪು ಸುಲ್ತಾನ್ ಕೋಟೆ ಬಾಗಿಲಲ್ಲಿ ಬಿದ್ದಾಗ ಲಂಡನ್ನಿನ ಪರೀಕ್ಷಾ ಕಚೇರಿಯಲ್ಲಿ ಮಗ್ಗಿನ ತಳಕ್ಕೆ ಒತ್ತುತ್ತಿದ್ದ ಅಕ್ಷರ ಇನ್ನೂ ‘ಸಿ’. ಸುದ್ದಿ ಹಡಗಿನಲ್ಲಿ ಅಲ್ಲಿಗೆ ಮುಟ್ಟೋ ಹೊತ್ತಿಗೆ ಸೆಪ್ಟೆಂಬರ್, ಆಗ ‘ಡಿ’ ನಡೀತಿತ್ತು. ಒಂದು ಲೋಟದ ತಳ ಇಷ್ಟು ಕರಾರುವಾಕ್ಕಾಗಿ ದಿನ ಹೇಳುತ್ತೆ ಅಂದ್ರೆ ನನಗಂತೂ ಈಗಲೂ ಮೈ ಜುಂ ಅನ್ನುತ್ತೆ. ನಮ್ಮ ಎಷ್ಟೋ ಶಾಸನಗಳು ಕೂಡ ಇಷ್ಟು ಸಲೀಸಾಗಿ ತಾರೀಖು ಬಿಟ್ಟುಕೊಡಲ್ಲ.

ಕೋಟೆ ಬಿದ್ದ ಮೇಲೆ ಏನಾಯ್ತು ಅನ್ನೋದನ್ನ ನೀವು ಶಾಲೆಯಲ್ಲಿ ಓದಿರ್ತೀರಿ. ಆದ್ರೆ ಲೋಹದ ಕಡೆಯಿಂದ ನೋಡಿದ್ರೆ ಅದೇ ಕಥೆ ಬೇರೆ ಥರ ಕಾಣುತ್ತೆ. ಲೂಟಿಯನ್ನ ಹಂಚೋಕೆ ಸೈನ್ಯದಲ್ಲಿ ಪ್ರೈಜ್ ಏಜೆಂಟ್ ಅಂತ ಅಧಿಕಾರಿಗಳಿದ್ರು. ಸಿಕ್ಕಿದ್ದಕ್ಕೆಲ್ಲ ಬೆಲೆ ಕಟ್ಟೋದು, ದರ್ಜೆಗೆ ತಕ್ಕ ಹಾಗೆ ಪಾಲು ಮಾಡೋದು ಅವರ ಕೆಲಸ. ಒಟ್ಟು ಲೆಕ್ಕ 11 ಲಕ್ಷ ಪೌಂಡ್ ದಾಟಿತ್ತು. ಟಿಪ್ಪುವಿನ ಚಿನ್ನದ ಹಾಳೆ ಹೊದಿಸಿದ ಸಿಂಹಾಸನವನ್ನ ಹಾಗೇ ಉಳಿಸಬೇಕು ಅಂತ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಆಸೆ ಇತ್ತು. ಅಷ್ಟರಲ್ಲಿ ಏಜೆಂಟರು ಅದನ್ನ ಒಡೆದು ಪಾಲು ಮಾಡಿಬಿಟ್ಟಿದ್ರು. ಈಗ ಅದರ ಹುಲಿತಲೆ, ಹುಮಾ ಪಕ್ಷಿ ವಿಂಡ್ಸರ್ ಅರಮನೆಯಲ್ಲಿವೆ. ದೊಡ್ಡ ಸಿಂಹಾಸನಕ್ಕೇ ಈ ಗತಿ ಅಂದ್ರೆ, ಅರಮನೆಯ ಅಡುಗೆಮನೆ, ಪೂಜೆಮನೆ, ಅಂಗಡಿಬೀದಿಯ ಬೆಳ್ಳಿ ಬಟ್ಟಲು ಚೊಂಬುಗಳನ್ನ ಯಾರು ಹಾಗೇ ಇಟ್ಟಾರು? ತೂಕ ಹಾಕಬಹುದಾದದ್ದು ತೂಕಕ್ಕೇ ಹೋಗುತ್ತೆ.

ಗೆದ್ದವರು ತಮ್ಮ ಸೈನಿಕರಿಗೆ ಪದಕ ಕೊಟ್ರು. ಸಿಂಹ ಹುಲಿಯನ್ನ ಕೆಡವಿ ಹಾಕಿರೋ ಚಿತ್ರ, ಹಿಂದೆ ಶ್ರೀರಂಗಪಟ್ಟಣದ ಕೋಟೆ. ದರ್ಜೆಗೆ ತಕ್ಕಂತೆ ಚಿನ್ನ, ಬೆಳ್ಳಿ, ತಾಮ್ರ, ತವರ. ಇದನ್ನ ತಯಾರಿಸಿದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೋದಲ್ಲಿ, ಮ್ಯಾಥ್ಯೂ ಬೌಲ್ಟನ್ ಟಂಕಸಾಲೆಯಲ್ಲಿ. ಉಗಿಯಂತ್ರದ ಜೇಮ್ಸ್ ವಾಟ್‌ಗೆ ಪಾಲುದಾರ ಆಗಿದ್ದನಲ್ಲ, ಅದೇ ಬೌಲ್ಟನ್. ಬೆಳ್ಳಿ ಸಾಮಾನನ್ನ ಪರೀಕ್ಷೆಗೆ ಅಂತ ದೂರದೂರಿಗೆ ಕಳಿಸಿ ಕಳಿಸಿ ಬೇಸತ್ತು, ಪಾರ್ಲಿಮೆಂಟಿಗೆ ಅಲೆದಾಡಿ, 1773ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಸ್ವಂತ ಪರೀಕ್ಷಾ ಕಚೇರಿ ತಂದಿದ್ದೂ ಇವನೇ. ಹಾಗಾಗಿ ಅಶೋಕ ರಸ್ತೆಯಲ್ಲಿ ನಿಮಗೊಂದು ಮಗ್ಗಿನ ತಳದಲ್ಲಿ ಲಂಗರು ಕಂಡ್ರೆ, ಆ ಲಂಗರು ಮತ್ತು ಶ್ರೀರಂಗಪಟ್ಟಣದ ಪದಕ ಎರಡರ ಹಿಂದೆಯೂ ಒಬ್ಬನೇ ಮನುಷ್ಯ ಇದ್ದಾನೆ. ಸಮುದ್ರವೇ ಇಲ್ಲದ ಊರಿಗೆ ಲಂಗರು ಯಾಕೆ ಅಂತ ಕೇಳಿದ್ರೆ ಒಂದು ಕಥೆ ಹೇಳ್ತಾರೆ. ಮಸೂದೆಗಾಗಿ ಲಂಡನ್ನಿಗೆ ಬಂದಿದ್ದ ಎರಡೂ ಊರಿನವರು ಸೇರ್ತಿದ್ದದ್ದು ಕ್ರೌನ್ ಅಂಡ್ ಆಂಕರ್ ಅನ್ನೋ ಹೆಂಡದಂಗಡಿಯಲ್ಲಂತೆ. ನಾಣ್ಯ ಚಿಮ್ಮಿ ಕಿರೀಟ ಶೆಫೀಲ್ಡಿಗೆ, ಲಂಗರು ಬರ್ಮಿಂಗ್‌ಹ್ಯಾಮಿಗೆ ಅಂತ ಹಂಚಿಕೊಂಡರಂತೆ. ಕಥೆ ಚೆನ್ನಾಗಿದೆ, ಇರಲಿ.

ಇಂಗ್ಲಿಷ್ ಬೆಳ್ಳಿ ಮೈಸೂರಿಗೆ ಬಂದಿದ್ದು ಒಂದೇ ದಾರಿಯಲ್ಲಲ್ಲ. ಮೊದಲು ಬಂದಿದ್ದು ದಂಡಿನ ಪೆಟ್ಟಿಗೆಗಳಲ್ಲಿ, ಅಧಿಕಾರಿಗಳ ಊಟದ ಸಾಮಾನಿನ ಜೊತೆ. ಮದ್ಯಕ್ಕೆ ನಿಷೇಧ ಹಾಕೋಕೆ ಹೊರಟ ಟಿಪ್ಪುವಿನ ರಾಜಧಾನಿಯಲ್ಲಿ ಕಂಪನಿ ಅಧಿಕಾರಿಗಳು ಕೂತು ಮದೀರಾ ವೈನ್ ಕುಡಿದ್ರು. ಆಮೇಲೆ ಬಂದವರು ಮೈಸೂರಿನ ರೆಸಿಡೆಂಟರು. ಬ್ಯಾರಿ ಕ್ಲೋಸ್, ಜಾನ್ ಮಾಲ್ಕಂ, ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್. ಗವರ್ನಮೆಂಟ್ ಹೌಸ್ ನೋಡಿದ್ದೀರಲ್ಲ, ಈಗ ಸರ್ಕಾರಿ ಅತಿಥಿಗೃಹ. ಅದರೊಳಗಿನ ಕಂಬಗಳಿಲ್ಲದ ದೊಡ್ಡ ಔತಣದ ಹಾಲು ಎಂಜಿನಿಯರ್ ಡಿ ಹ್ಯಾವಿಲ್ಯಾಂಡ್ ಕೆಲಸ ಅಂತ ಹೇಳ್ತಾರೆ. ಅಷ್ಟು ದೊಡ್ಡ ಹಾಲು ಕಟ್ಟಿಸಿದವರು ಮೇಜಿನ ಮೇಲೆ ಮಣ್ಣಿನ ಕುಡಿಕೆ ಇಡ್ತಿರಲಿಲ್ಲ. 1891ರಲ್ಲಿ ಮೈಸೂರು ರೇಸ್ ಕ್ಲಬ್ ಬಂತು. ಕುದುರೆ ಜೂಜಿನ ಇನಾಮು ಅಂದ್ರೆ ಆ ಕಾಲಕ್ಕೆ ಬೆಳ್ಳಿ ಕಪ್ಪು. ಕಪ್ಪು ಅಂದ್ರೆ ಟ್ರೋಫಿ ಅನ್ನೋ ಅರ್ಥ ನಮ್ಮ ಕನ್ನಡಕ್ಕೂ ಹಾಗೇ ಬಂದು ಕೂತಿದೆ. ‘ಈ ಸಲ ಕಪ್ ನಮ್ದೇ’ ಅಂದಾಗ ನಾವೂ ಲೋಟದ ಬಗ್ಗೆನೇ ಮಾತಾಡ್ತಿರೋದು!

ಇದರ ಮಧ್ಯೆ ಮದ್ರಾಸಿನ ಪಿ. ಆರ್ ಅಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್ ಅಂಡ್ ಕಂಪನಿಯಂಥ ಅಂಗಡಿಗಳು ಇಲ್ಲೇ ಬೆಳ್ಳಿ ಸಾಮಾನು ಮಾಡಿಸೋಕೆ ಶುರು ಮಾಡಿದ್ವು. ಕೆಲಸ ಮಾಡ್ತಿದ್ದವರು ನಮ್ಮ ಅಕ್ಕಸಾಲಿಗಳೇ. ಭಾರತದಲ್ಲಿ ಪರೀಕ್ಷಾ ಕಚೇರಿ ಇರಲಿಲ್ಲ, ಹಾಗಾಗಿ ಹಾಲ್‌ಮಾರ್ಕ್ ಥರ ಕಾಣೋ ಗುರುತುಗಳನ್ನ ಇವರೇ ಒತ್ತಿಕೊಳ್ತಿದ್ರು. ಹ್ಯಾಮಿಲ್ಟನ್ ಗುರುತಿನಲ್ಲಿ ಸಿಂಹದ ಬದಲು ಆನೆ ಇರುತ್ತೆ. ಮದ್ರಾಸಿನ ಕಡೆಯ ಪಾತ್ರೆಗಳ ಮೇಲೆ ದೇವರ ಉಬ್ಬುಚಿತ್ರಗಳು. ಅದಕ್ಕೆ ‘ಸ್ವಾಮಿ ಸಿಲ್ವರ್’ ಅಂತಲೇ ಹೆಸರು. ಬಿಯರ್ ಮಗ್ಗಿನ ಸುತ್ತ ದಶಾವತಾರ! ಮಾಡಿದವರು ಏನಂದುಕೊಂಡು ಮಾಡಿದ್ರೋ. ಕೊಂಡವರಿಗೆ ಅದು ಚೆಂದದ ನೆನಪಿನ ಕಾಣಿಕೆ ಅಷ್ಟೆ.

ಸರಿ, ಈಗ ತಕ್ಕಡಿಗೆ ಬರೋಣ. 2025ರಲ್ಲಿ ಬೆಳ್ಳಿ ಕೆಜಿಗೆ ಒಂದು ಲಕ್ಷ ದಾಟ್ತಲ್ಲ, ಆಗಿನಿಂದ ಹಳೇ ಬೆಳ್ಳಿ ಅಂಗಡಿಗೆ ಬರೋದು ಜಾಸ್ತಿಯಾಗಿದೆ. ಅಶೋಕ ರಸ್ತೆಯ ಒಂದು ಅಂಗಡಿಯಲ್ಲಿ ಕರಗಿಸೋಕೆ ಅಂತ ಇಟ್ಟ ರಾಶಿ ಕಂಡೆ. ತುಂಡಾದ ಕಾಲುಗೆಜ್ಜೆ, ಕುಂಕುಮ ಭರಣಿ, ಸೊಟ್ಟಗಾದ ದೀಪ, ಉದ್ಧರಣೆ. ಅವುಗಳ ಮಧ್ಯೆ ಮೂರು ಇಂಚಿನ ಒಂದು ಮಗ್ಗು, ಹಿಡಿ ಒಂದು ಕಡೆ ಬಿಟ್ಟುಕೊಂಡಿತ್ತು. ತಿರುಗಿಸಿದೆ. ಲಂಗರು, ಸಿಂಹ, ರಾಣಿಯ ತಲೆ. ರಾಣಿ ಅಂದ್ರೆ ವಿಕ್ಟೋರಿಯಾ, 1890ಕ್ಕಿಂತ ಹಿಂದಿನದು. ಆ ಅಳತೆಯ ಮಗ್ಗು ಹೆಚ್ಚಾಗಿ ಮಕ್ಕಳ ಬ್ಯಾಪ್ಟಿಸಂಗೆ ಉಡುಗೊರೆ ಕೊಡ್ತಿದ್ದಿದ್ದು. ನಾಮಕರಣಕ್ಕೆ ನಾವು ಬೆಳ್ಳಿ ಲೋಟ, ಒಳಲೆ ಕೊಡಲ್ವಾ, ಹಾಗೆ. ಮುಂದೆ ಮಗುವಿನ ಹೆಸರಿನ ಅಕ್ಷರ ಕೊರೆದಿದ್ರು, ಆದ್ರೆ ಸವೆದು ಸವೆದು ಒಂದು ಗೀಟು ಮಾತ್ರ ಉಳಿದಿತ್ತು.

‘ಏನ್ ಸಾರ್, ಹಿಡಿ ಬೇರೆ ಹೋಗಿದೆ. ಇದನ್ನ ತಗೊಂಡು ಏನ್ ಮಾಡ್ತೀರಾ?’ ಅಂದ್ರು ಅಂಗಡಿಯವರು.

ಯಾರು ತಂದಿದ್ದು ಅಂತ ಕೇಳಿದೆ. ಮಗಳ ಮದುವೆಗೆ ಕಾಲುಗೆಜ್ಜೆ ಮಾಡಿಸೋಕೆ ಬಂದ ಒಬ್ಬ ಹೆಂಗಸು ಹಳೇ ಬೆಳ್ಳಿ ಕೊಟ್ಟು ಹೋದ್ರಂತೆ. ಅವರ ಮನೆಗೆ ಅದು ಹೇಗೆ ಬಂತೋ. ಸ್ವಾತಂತ್ರ್ಯದ ಹೊತ್ತಿಗೆ ಊರು ಬಿಟ್ಟವರು ಸಾಮಾನು ಮಾರಿದ್ದಿರಬಹುದು, ಕೊಡಗಿನ ತೋಟದ ಬಂಗಲೆಯಿಂದ ಬಂದಿರಬಹುದು, ಕೆಲಸದವರಿಗೆ ಪ್ರೀತಿಯಿಂದ ಕೊಟ್ಟಿರಬಹುದು. ಅವತ್ತಿನ ರೇಟಿಗೆ ತೂಕ ಹಾಕಿಸಿ, ಮೇಲೊಂದಿಷ್ಟು ಕೊಟ್ಟು ತಂದೆ. ಆ ಹೆಂಗಸು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಬೆಳ್ಳಿ ಮನೆಗೆ ಬರೋದೇ ಕಷ್ಟಕಾಲಕ್ಕೆ, ಮದುವೆ ಕಾಲಕ್ಕೆ ಅಂತ. ಮಗಳ ಕಾಲಿಗೆ ಗೆಜ್ಜೆಯಾಗಬೇಕಿದ್ದ ಲೋಹಕ್ಕೆ ಚರಿತ್ರೆಯ ಹೆಸರಲ್ಲಿ ಅಡ್ಡ ನಿಲ್ಲೋಕೆ ನಾನ್ಯಾರು? ಆದ್ರೆ ಇಂಥ ಮಗ್ಗಿಗೆ ಹಾಲ್‌ಮಾರ್ಕಿನಿಂದಾಗಿ ತೂಕಕ್ಕಿಂತ ಹೆಚ್ಚು ಬೆಲೆ ಸಿಗಬಹುದಿತ್ತು ಅನ್ನೋದನ್ನ ಅವರಿಗೆ ಯಾರೂ ಹೇಳಿರಲ್ಲ. ನನಗೆ ಬೇಜಾರಾಗಿದ್ದು ಅದಕ್ಕೆ.

ಕರಗಿಸೋದು ನಮ್ಮೊಬ್ಬರದೇ ಚಾಳಿಯೂ ಅಲ್ಲ. ಇಂಗ್ಲೆಂಡಿನಲ್ಲಿ 1642ರಿಂದ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೀತಲ್ಲ, ಆಗ ಎರಡೂ ಕಡೆಯವರು ಮನೆ, ಕಾಲೇಜುಗಳ ಬೆಳ್ಳಿ ಪಾತ್ರೆ ಕರಗಿಸಿ ಸೈನಿಕರ ಸಂಬಳಕ್ಕೆ ನಾಣ್ಯ ಮಾಡಿದ್ರು. ಅದಕ್ಕೇ ಅದಕ್ಕಿಂತ ಹಿಂದಿನ ಲೋಟಗಳು ಅಷ್ಟು ಅಪರೂಪ. ಆಮೇಲೆ ಉಲ್ಟಾ ಆಯ್ತು. ಜನ ನಾಣ್ಯ ಕರಗಿಸಿ ಪಾತ್ರೆ ಮಾಡೋಕೆ ಹತ್ತಿದ್ರು. ಅದನ್ನ ತಡೆಯೋಕೆ 1697ರಲ್ಲಿ ಪಾತ್ರೆಯ ಬೆಳ್ಳಿ ನಾಣ್ಯಕ್ಕಿಂತ ಶುದ್ಧ ಇರಬೇಕು, ಸಾವಿರಕ್ಕೆ 958 ಪಾಲು, ಅಂತ ಕಾನೂನು ಬಂತು. 1720ರವರೆಗೆ ಅದು ಕಡ್ಡಾಯ. ನಮ್ಮಲ್ಲೂ ಅಕ್ಕಸಾಲಿಗೆ ರೂಪಾಯಿ ನಾಣ್ಯ ಕೊಟ್ಟು ಪಾತ್ರೆ ಮಾಡಿಸ್ತಿದ್ರು. 1835ರ ಕಂಪನಿ ರೂಪಾಯಿ ಒಂದು ತೊಲ ತೂಕ, 12ರಲ್ಲಿ 11 ಪಾಲು ಬೆಳ್ಳಿ. ಹೆಚ್ಚುಕಮ್ಮಿ ಸ್ಟರ್ಲಿಂಗೇ.

1720ರಲ್ಲಿ ಪಾತ್ರೆಗೆ ಸುಂಕ ಬಂದ ಕೂಡಲೇ ಕಳ್ಳದಾರಿಯೂ ಬಂತು. ಒಂದು ಸಣ್ಣ ಬಟ್ಟಲಿಗೆ ಗುರುತು ಒತ್ತಿಸಿ, ಸಣ್ಣದಕ್ಕೆ ಸುಂಕ ಕಟ್ಟಿ, ಆ ಗುರುತಿನ ತುಂಡನ್ನ ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸೆದುಬಿಡೋದು! 18ನೇ ಶತಮಾನದ ಮಧ್ಯಭಾಗದಲ್ಲಿ ಹಾಲ್‌ಮಾರ್ಕ್ ನಕಲಿ ಮಾಡಿದ್ರೆ ಮರಣದಂಡನೆ ಅಂತಲೂ ಕಾನೂನಿತ್ತು. ಇಂಥ ಬೆಸುಗೆ ಹಿಡಿಯೋಕೆ ಒಂದು ಸುಲಭ ಉಪಾಯ ಇದೆ. ಗುರುತಿನ ಮೇಲೆ ಬಾಯಿಂದ ಬಿಸಿ ಉಸಿರು ಬಿಡಿ. ಮಂಜು ಕೂತಾಗ ಬೆಸುಗೆಯ ಗೆರೆ ಬೇರೆ ಬಣ್ಣದಲ್ಲಿ ಕಾಣುತ್ತೆ.

ಇನ್ನೊಂದು ಥರದ ಕೈಚಳಕ ವಿಕ್ಟೋರಿಯಾ ಕಾಲದ್ದು. ಟ್ಯಾಂಕರ್ಡ್ ಅಂದ್ರೆ ಮುಚ್ಚಳ, ಹಿಡಿ ಎರಡೂ ಇರೋ ದೊಡ್ಡ ಬಿಯರ್ ಪಾತ್ರೆ. ಅಷ್ಟೊಂದು ಬಿಯರ್ ಕುಡಿಯೋ ರೂಢಿ ತಪ್ಪಿದ ಮೇಲೆ ಅಜ್ಜನ ಟ್ಯಾಂಕರ್ಡ್ ಇಟ್ಕೊಂಡು ಏನು ಮಾಡೋದು? ನಮ್ಮ ಗಿಂಡಿಗಿರೋ ಹಾಗೆ ಒಂದು ಮೂತಿ ಬೆಸೆದು ಜಗ್ ಮಾಡಿಸಿಕೊಂಡ್ರು. ಖಾಲಿ ಮೈ ಬಿಡಬಾರದು ಅಂತ ಹೂಬಳ್ಳಿಯನ್ನೂ ಉಬ್ಬಿಸಿದ್ರು. ಆಮೇಲೆ ಸೇರಿಸಿದ ಭಾಗಕ್ಕೆ ಹೊಸದಾಗಿ ಪರೀಕ್ಷೆ ಮಾಡಿಸದೆ ಅಂಥದ್ದನ್ನ ಬ್ರಿಟನ್ನಿನಲ್ಲಿ ಮಾರೋ ಹಾಗಿಲ್ಲ. ಹಾಗಾಗಿ ಮುಚ್ಚಳಕ್ಕೂ ಮೈಗೂ ಎರಡಕ್ಕೂ ಗುರುತು ಇದೆಯಾ, ಅಕ್ಷರ ಒಂದೇನಾ ನೋಡಬೇಕು.

ನಿಮ್ಮಲ್ಲಿ ಯಾರಿಗಾದ್ರೂ ಹುಡುಕೋ ಹುಚ್ಚು ಹತ್ತಿದ್ರೆ ಮೊದಲು ನಿಮ್ಮ ಕೈಗೆ ಸಿಗೋದು ಇಪಿಎನ್‌ಎಸ್. ಅಂದ್ರೆ ನಿಕಲ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ತೆಳ್ಳಗೆ ಬೆಳ್ಳಿ ಲೇಪ. 1840ರಲ್ಲಿ ಎಲ್ಕಿಂಗ್‌ಟನ್‌ಗೆ ಪೇಟೆಂಟ್ ಸಿಕ್ಕ ವಿದ್ಯೆ. ನಿಕಲ್ ಸಿಲ್ವರ್ ಅನ್ನೋ ಹೆಸರಲ್ಲಿ ಸಿಲ್ವರ್ ಇದೆ, ಒಳಗೆ ಒಂದು ಗುಂಜಿ ಬೆಳ್ಳಿ ಇಲ್ಲ. ಈ ಅಕ್ಷರಗಳನ್ನೂ ಪುಟ್ಟ ಚೌಕಗಳಲ್ಲಿ ಹಾಲ್‌ಮಾರ್ಕ್ ಥರವೇ ಒತ್ತಿರ್ತಾರೆ. ಸಿಂಹ ಇಲ್ಲ ಅಂದ್ರೆ ಅನುಮಾನ ಪಡಿ. ಒರೆಗಲ್ಲು ಶುದ್ಧತೆ ಹೇಳುತ್ತೆ, ವಯಸ್ಸು ಹೇಳಲ್ಲ. ಮತ್ತೆ ದಯವಿಟ್ಟು ವಿಭೂತಿ, ಹಲ್ಲುಪುಡಿ ಹಾಕಿ ತಿಕ್ಕಬೇಡಿ. ನಮ್ಮ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ಅದೇ ಕೆಲಸ ಅಲ್ವಾ. ಪ್ರತಿ ಹಬ್ಬಕ್ಕೂ ತಳದ ಅಕ್ಷರ ಒಂದಿಷ್ಟು ಸವೆಯುತ್ತೆ. ನಾನು ತಂದ ಮಗ್ಗಿನಲ್ಲಿ ಆ ಮಗುವಿನ ಹೆಸರನ್ನ ಅಳಿಸಿದ್ದೂ ಬಹುಶಃ ಇಂಥ ತಿಕ್ಕಾಟವೇ.

ಕಾನೂನಿನ ಮಾತೂ ಒಂದಿದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ, ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ವಸ್ತುವನ್ನ ಖಾಸಗಿಯವರು ದೇಶದಿಂದ ಹೊರಗೆ ಒಯ್ಯೋ ಹಾಗಿಲ್ಲ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡೋ ಹಾಗಿಲ್ಲ. ಅಂಥ ಮಹತ್ವ ಇದೆ ಅಂತಾದ್ರೆ ಬರ್ಮಿಂಗ್‌ಹ್ಯಾಮಿನಿಂದ ಬಂದ ಮಗ್ಗು ಕೂಡ ಈಗ ನಮ್ಮೂರಿನದೇ. ತವರಿಗೆ ವಾಪಸ್ ಕಳಿಸೋ ಹಾಗಿಲ್ಲ.

ಬ್ರಿಟಿಷರ ಲೋಟದ ಮೇಲೆ ಇಷ್ಟು ಮೋಹ ಯಾಕೆ, ನಮ್ಮದೇ ಬೆಳ್ಳಿ ಇಲ್ವಾ ಅಂತ ನನ್ನನ್ನ ತುಂಬಾ ಜನ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಹೆಸ್ಟರ್ ಬೇಟ್‌ಮನ್ ಅಂತ ಲಂಡನ್ನಿನಲ್ಲಿ ಒಬ್ಬಾಕೆ ಇದ್ದಳು. ಗಂಡ ಸತ್ತ ಮೇಲೆ 1761ರಲ್ಲಿ ತನ್ನ ಹೆಸರಲ್ಲಿ ‘ಎಚ್ ಬಿ’ ಗುರುತು ನೋಂದಾಯಿಸಿ ಕಾರ್ಖಾನೆ ನಡೆಸಿದಳು. ಆಕೆಗೆ ಓದು ಬರಹ ಬರ್ತಿರಲಿಲ್ಲ ಅಂತಾರೆ. ಆದ್ರೂ ಇವತ್ತಿಗೆ ಆಕೆಯ ಮಗ್ಗು ಸಿಕ್ಕಿದ್ರೆ ಯಾರು ಮಾಡಿದ್ದು, ಯಾವ ವರ್ಷ ಅಂತ ಎರಡು ನಿಮಿಷದಲ್ಲಿ ಹೇಳಬಹುದು. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲೋ ಮೈಸೂರಲ್ಲೋ ಕೂತು ಅಷ್ಟೇ ಚೆಂದದ ಪಂಚಪಾತ್ರೆ ಮಾಡಿದ ಅಕ್ಕಸಾಲಿಯ ಹೆಸರು ಪಾತ್ರೆಯ ಮೇಲೆಲ್ಲೂ ಇಲ್ಲ. ಇಂಗ್ಲೆಂಡಿನವರಿಗೆ ಕಲೆಗಾರರ ಮೇಲೆ ಪ್ರೀತಿ ಹೆಚ್ಚಿತ್ತು ಅಂತ ಅಲ್ಲ. ಮೋಸ ಹಿಡಿಯೋಕೆ, ಸುಂಕ ವಸೂಲಿಗೆ ಮಾಡಿದ ಏರ್ಪಾಡು ಅದು. ಅದರಿಂದ ಹೆಸರುಗಳು ಉಳಿದ್ವು ಅಷ್ಟೆ.

ನಮ್ಮಲ್ಲಿ ಪಾತ್ರೆ ಮೇಲೆ ಹೆಸರು ಹಾಕಿಸೋ ರೂಢಿ ಇದೆ. ಕೊಟ್ಟವರ ಹೆಸರು, ಮದುವೆಯ ತಾರೀಖು, ಕೆಲವು ಸಲ ಊರು. ಚುಕ್ಕಿ ಚುಕ್ಕಿಯಾಗಿ ಮೊಳೆಯಲ್ಲಿ ಕೊರೆದದ್ದು. ಮಾಡಿದವರ ಹೆಸರು ಮಾತ್ರ ಇರಲ್ಲ. ಆದ್ರೂ ಅದೂ ಒಂದು ದಾಖಲೆ ತಾನೆ? ಈಗ ನಾನು ಅಂಗಡಿಗಳಲ್ಲಿ ಇಂಗ್ಲಿಷ್ ಮಗ್ಗಿನ ಜೊತೆಗೆ ಆ ರಾಶಿಯ ಲೋಟ, ಚೊಂಬುಗಳ ಬರಹವನ್ನೂ ಫೋಟೊ ತೆಗೆದುಕೊಳ್ತೀನಿ. ಅಂಗಡಿಯವರು ಬೇಡ ಅನ್ನಲ್ಲ, ಒಂದು ನಿಮಿಷ ಕೈ ತಡೀತಾರೆ, ಆಮೇಲೆ ರಾಶಿ ಮೂಸೆಗೆ ಹೋಗುತ್ತೆ.

ನಿಮ್ಮ ಮನೆಯಲ್ಲಿ ಹಳೇ ಬೆಳ್ಳಿ ಲೋಟ ಇದ್ರೆ ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು, ಪಕ್ಕದಿಂದ ಬೆಳಕು ಬೀಳೋ ಹಾಗೆ ತಳದ ಒಂದು ಫೋಟೊ ತೆಗೆದು ಕಳಿಸಿ. ನೇರ ಫ್ಲ್ಯಾಶ್ ಹಾಕಬೇಡಿ, ಅಕ್ಷರ ಬೆಳ್ಳಗಾಗಿ ಹೋಗುತ್ತೆ. ಮುಂದಿನ ಕಂತಿನಲ್ಲಿ ಅವುಗಳಲ್ಲಿ ಕೆಲವನ್ನ ಒಟ್ಟಿಗೆ ಕೂತು ಓದೋಣ.